ಆಶಾ ಕಾರ್ಯಕರ್ತೆಯರಿಗೆ ‘ಸರ್ಕಾರಿ ಸಂಬಳ’ ಬರುತ್ತದೆಯೇ? ಫಾರ್ವರ್ಡ್ ಮಾಡುವ ಮೊದಲು ಈ ಲೆಕ್ಕ ನೋಡಿ

ಗುಲಾಬಿ ಸೀರೆ ಉಟ್ಟ ನೂರಾರು ಹೆಣ್ಣುಮಕ್ಕಳು ತಹಶೀಲ್ದಾರ್ ಕಚೇರಿ ಮುಂದೆಯೋ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲೋ ಕೂತಿರುವ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬಹುದು. ಅದರ ಕೆಳಗಿನ ಬರಹ ಮಾತ್ರ ಒಂದೊಂದು ಸಲ ಒಂದೊಂದು ರೀತಿ ಇರುತ್ತದೆ. ‘ಸರ್ಕಾರಿ ಸಂಬಳ ತಗೊಂಡೂ ಮುಷ್ಕರ’ ಅಂತ ಒಂದು. ‘ತಿಂಗಳಿಗೆ 10 ಸಾವಿರ ಕೊಟ್ಟರೂ ಸಾಲದಂತೆ’ ಅಂತ ಇನ್ನೊಂದು. ‘ಇವರ ಮುಷ್ಕರದಿಂದ ಮಕ್ಕಳ ಲಸಿಕೆ ನಿಂತುಹೋಯಿತು, ಮತ್ತೆ ಮೊದಲಿನಿಂದ ಹಾಕಿಸಬೇಕು’ ಅಂತ ಮತ್ತೊಂದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ ಓದುಗರಿಗೆ ಇದು ದೂರದ ವಿಷಯವಲ್ಲ. ನಿಮ್ಮ ಓಣಿಯಲ್ಲಿ ಬಾಣಂತಿಯ ಮನೆಗೆ ಬಂದು ಕೂಸಿನ ತೂಕ ನೋಡುವ ಅಕ್ಕನೇ ಆ ವಿಡಿಯೊದಲ್ಲಿ ಕೂತಿರಬಹುದು.

ಈ ಮೂರು ಮಾತಿನಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು, ಎಲ್ಲಿ ಅರ್ಧ ಸತ್ಯ ಎಂದು ನೋಡೋಣ.

ಸಂಬಳ ಅಲ್ಲ, ‘ಗೌರವಧನ’

ಮೊದಲನೆಯದು ಸುಳ್ಳು. ಆಶಾ ಕಾರ್ಯಕರ್ತೆ ಸರ್ಕಾರಿ ನೌಕರಳಲ್ಲ. 2005ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗ ಸಾವಿರ ಜನರಿಗೆ ಒಬ್ಬರಂತೆ ಅದೇ ಊರಿನ ಮಹಿಳೆಯನ್ನು ಆರಿಸುವ ಯೋಜನೆ ಬಂತು. ‘ಆಶಾ’ ಎಂಬುದು ಮಾನ್ಯತೆ ಪಡೆದ ಸಾಮಾಜಿಕ ಆರೋಗ್ಯ ಕಾರ್ಯಕರ್ತೆ ಎಂಬ ಅರ್ಥದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು. ಸರ್ಕಾರದ ಕಾಗದದಲ್ಲಿ ಅವರು ‘ಸ್ವಯಂಸೇವಕಿ’. ಹಾಗಾಗಿ ಅವರಿಗೆ ಬರುವ ಹಣಕ್ಕೆ ವೇತನ ಎಂಬ ಹೆಸರಿಲ್ಲ. ಗೌರವಧನ, ಪ್ರೋತ್ಸಾಹಧನ ಎನ್ನುತ್ತಾರೆ.

ಹೆಸರಿನಲ್ಲೇನಿದೆ ಅನ್ನಬೇಡಿ. ವೇತನ ಎಂದರೆ ಕನಿಷ್ಠ ವೇತನದ ಹಕ್ಕು, ಭವಿಷ್ಯ ನಿಧಿ, ಹೆರಿಗೆ ರಜೆ, ಉಪದಾನ ಎಲ್ಲ ಹಿಂದೆಯೇ ಬರುತ್ತವೆ. ಗೌರವಧನ ಎಂದರೆ ಇದ್ಯಾವುದೂ ತಾನಾಗಿ ಬರುವುದಿಲ್ಲ. ಬೇರೆಯವರ ಹೆರಿಗೆಗೆ ರಾತ್ರಿ ಹನ್ನೆರಡಕ್ಕೆ ಎದ್ದು ಹೋಗುವವಳಿಗೆ ತನ್ನ ಹೆರಿಗೆಗೆ ಸಂಬಳ ಸಹಿತ ರಜೆಯ ಹಕ್ಕಿಲ್ಲ ಎಂಬುದು ಈ ಒಂದು ಪದದ ಪರಿಣಾಮ.

ಈ ಪದದ ಜಗಳ ಹಳೆಯದು. ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರಿ ಹುದ್ದೆಯಲ್ಲಿರುವವರಲ್ಲ ಎಂದು 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಕರ್ನಾಟಕದಿಂದಲೇ ಹೋದ ಅಮೀರ್‌ಬಿ ಪ್ರಕರಣದಲ್ಲಿ. 2022ರ ಏಪ್ರಿಲ್‌ನಲ್ಲಿ ಅದೇ ನ್ಯಾಯಾಲಯ ಗುಜರಾತಿನ ಪ್ರಕರಣವೊಂದರಲ್ಲಿ ಅಂಗನವಾಡಿ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಉಪದಾನದ ಹಕ್ಕಿದೆ ಎಂದಿತು. ಆ ತೀರ್ಪು ಅಂಗನವಾಡಿಯವರದ್ದು, ಆಶಾ ಕಾರ್ಯಕರ್ತೆಯರದ್ದಲ್ಲ. ಈ ಎರಡನ್ನೂ ಕಲಸಿ ‘ಆಶಾಗಳಿಗೂ ಗ್ರಾಚ್ಯುಟಿ ಬಂತು’ ಎಂದು ಯಾರಾದರೂ ಕಳಿಸಿದರೆ ನಂಬಬೇಡಿ. ಇಂಥ ಯೋಜನಾ ಕಾರ್ಯಕರ್ತೆಯರನ್ನು ಕಾರ್ಮಿಕರೆಂದು ಗುರುತಿಸಿ ಕನಿಷ್ಠ ವೇತನ ಕೊಡಬೇಕೆಂದು 2013ರಲ್ಲಿ 45ನೇ ಭಾರತೀಯ ಕಾರ್ಮಿಕ ಸಮ್ಮೇಳನ ಶಿಫಾರಸು ಮಾಡಿತ್ತು. ಸರ್ಕಾರ, ಮಾಲೀಕರು, ಕಾರ್ಮಿಕ ಸಂಘಗಳು ಮೂವರೂ ಕೂತು ಒಪ್ಪಿದ ಮಾತು ಅದು. ಆಮೇಲೆ ಅದು ಶಿಫಾರಸಾಗಿಯೇ ಉಳಿಯಿತು.

ಒಂದು ಕೂಸಿಗೆ ಎಷ್ಟು?

ಈಗ ಹಣದ ಲೆಕ್ಕಕ್ಕೆ ಬರೋಣ. ಎಲ್ಲ ಜಗಳವೂ ಇರುವುದು ಇಲ್ಲೇ.

ಆಶಾ ಕಾರ್ಯಕರ್ತೆಗೆ ಹಣ ಮೂರು ದಾರಿಯಿಂದ ಬರುತ್ತದೆ. ಒಂದು, ರಾಜ್ಯ ಸರ್ಕಾರದ ನಿಗದಿತ ಗೌರವಧನ. 2025ರ ಆರಂಭದಲ್ಲಿ ಅದು 5,000 ರೂಪಾಯಿ ಇತ್ತು. ಎರಡು, ಕೇಂದ್ರ ಸರ್ಕಾರದ ತಿಂಗಳ ಪ್ರೋತ್ಸಾಹಧನ. 2018ರಲ್ಲಿ 1,000ದಿಂದ 2,000ಕ್ಕೆ ಏರಿತು. ಇದೂ ಸುಮ್ಮನೆ ಬರುವುದಲ್ಲ. ಗ್ರಾಮ ಆರೋಗ್ಯ ದಿನ ನಡೆಸಿದರೆ 200, ಸಮಿತಿ ಸಭೆ ಕರೆದರೆ 150, ಪ್ರಾಥಮಿಕ ಆರೋಗ್ಯ ಕೇಂದ್ರದ ಸಭೆಗೆ ಹೋದರೆ 150, ಮನೆಗಳ ಪಟ್ಟಿ, ಜನನ-ಮರಣದ ದಾಖಲೆ, ಲಸಿಕೆಗೆ ಬಾಕಿ ಇರುವ ಮಕ್ಕಳ ಪಟ್ಟಿ, ಗರ್ಭಿಣಿಯರ ಪಟ್ಟಿ, ಅರ್ಹ ದಂಪತಿಗಳ ಪಟ್ಟಿ ಬರೆದಿಟ್ಟರೆ ತಲಾ 300 ಎಂಬುದು ಆಗಿನ ದರವಾಗಿತ್ತು. ಕೂಡಿಸಿ ನೋಡಿ, ಸರಿಯಾಗಿ 2,000 ಆಗುತ್ತಿತ್ತು. ಒಂದು ತಪ್ಪಿದರೆ ಅಷ್ಟು ಕಡಿತ.

ಮೂರನೆಯದು ಕೆಲಸಕ್ಕೆ ತಕ್ಕ ಬಿಡಿ ಹಣ. ಹಳ್ಳಿಯಲ್ಲಿ ಜನನಿ ಸುರಕ್ಷಾ ಯೋಜನೆಗೆ ಒಳಪಡುವ ಒಬ್ಬ ಗರ್ಭಿಣಿಯನ್ನು ತಪಾಸಣೆಯಿಂದ ಆಸ್ಪತ್ರೆ ಹೆರಿಗೆವರೆಗೆ ನೋಡಿಕೊಂಡರೆ 600 ರೂಪಾಯಿ. ಹುಟ್ಟಿದ ಕೂಸನ್ನು 3, 7, 14, 21, 28 ಮತ್ತು 42ನೇ ದಿನ ಮನೆಗೆ ಹೋಗಿ ನೋಡಿದರೆ ಒಟ್ಟು 250. ಒಂದು ವರ್ಷದೊಳಗಿನ ಎಲ್ಲ ಲಸಿಕೆ ಹಾಕಿಸಿದರೆ 100. ಮೂರರಿಂದ ಹದಿನೈದು ತಿಂಗಳವರೆಗೆ ಐದು ಸಲ ಹೋದರೆ ಸಲಕ್ಕೆ 50ರಂತೆ 250. ಅಂದರೆ ಒಂದು ಗರ್ಭ, ಒಂದು ಹೆರಿಗೆ, ಒಂದು ಕೂಸಿನ ಮೊದಲ ಹದಿನೈದು ತಿಂಗಳು, ಎಲ್ಲಕ್ಕೂ ಸೇರಿ 1,200 ರೂಪಾಯಿ.

ಸಾವಿರ ಜನರಿರುವ ಹಳ್ಳಿಯಲ್ಲಿ ವರ್ಷಕ್ಕೆ ಎಷ್ಟು ಕೂಸು ಹುಟ್ಟುತ್ತವೆ? ಕರ್ನಾಟಕದ ಜನನ ಪ್ರಮಾಣದ ಪ್ರಕಾರ ಹದಿನಾರು, ಹದಿನೇಳು. ಹದಿನೇಳು ಎಂದೇ ಇಟ್ಟುಕೊಳ್ಳಿ. 17 ಗುಣಿಲೆ 1,200 ಎಂದರೆ ವರ್ಷಕ್ಕೆ 20,400, ತಿಂಗಳಿಗೆ 1,700. ಇದು ಎಲ್ಲವೂ ಸರಿಯಾಗಿ ನಡೆದರೆ. ನಮ್ಮ ರಾಜ್ಯದಲ್ಲಿ ಜನನಿ ಸುರಕ್ಷಾ ಯೋಜನೆ ಬಡತನ ರೇಖೆಗಿಂತ ಕೆಳಗಿನವರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಮಾತ್ರ. ಊರಿನ ಅರ್ಧ ಹೆರಿಗೆಗಳು ಯೋಜನೆಯ ಹೊರಗಿದ್ದರೆ ಆ ತಿಂಗಳ ಪಾಲು ಸುಮಾರು 1,275ಕ್ಕೆ ಇಳಿಯುತ್ತದೆ. ಕ್ಷಯ, ಕುಷ್ಠ, ಮಲೇರಿಯಾ ರೋಗಿಗಳನ್ನು ನೋಡಿಕೊಂಡರೆ ಬೇರೆ ಬಿಡಿ ಹಣವಿದೆ, ಆದರೆ ಪ್ರತಿ ತಿಂಗಳೂ ಊರಿಗೊಬ್ಬ ಕುಷ್ಠ ರೋಗಿ ಇರುವುದಿಲ್ಲ, ಇರಬಾರದು ಕೂಡ.

ಇಲ್ಲೊಂದು ವಿಚಿತ್ರ ಇದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಚಿಕ್ಕ ಕುಟುಂಬದ ಮಾತನ್ನು ಮನೆಮನೆಗೆ ಮುಟ್ಟಿಸಿದವರಲ್ಲಿ ಇದೇ ಆಶಾ ಕಾರ್ಯಕರ್ತೆಯರಿದ್ದಾರೆ. ಹೆರಿಗೆಗಳು ಕಡಿಮೆಯಾದಷ್ಟೂ ಅವರ ಬಿಡಿ ಹಣ ಕಡಿಮೆ. ಕೆಲಸ ಯಶಸ್ವಿಯಾದಷ್ಟೂ ಕೂಲಿ ಇಳಿಯುವ ಲೆಕ್ಕ ಇದು. ನಿಗದಿತ ಮೊತ್ತ ಬೇಕು ಎಂದು ಅವರು ಹಟ ಹಿಡಿಯುವುದಕ್ಕೆ ದುರಾಸೆಗಿಂತ ಈ ಗಣಿತ ದೊಡ್ಡ ಕಾರಣ.

ದರಪಟ್ಟಿಯಲ್ಲಿ ಇಲ್ಲದ ಕೆಲಸಗಳದ್ದು ಇನ್ನೊಂದೇ ಕತೆ. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಮಲಪ್ರಭೆ ರಾಮದುರ್ಗದೊಳಕ್ಕೇ ನುಗ್ಗಿತು. ಅಂಥ ಹೊತ್ತಿನಲ್ಲಿ ತುಂಬು ಗರ್ಭಿಣಿ ಯಾವ ಮನೆಯಲ್ಲಿದ್ದಾಳೆ, ಸಕ್ಕರೆ ಕಾಯಿಲೆಯ ಅಜ್ಜ ಯಾವ ಮನೆಯಲ್ಲಿದ್ದಾನೆ ಎಂದು ಬಾಯಿಪಾಠದಲ್ಲಿ ಹೇಳಬಲ್ಲವಳು ಊರಲ್ಲಿ ಒಬ್ಬಳೇ. ‘ಪ್ರವಾಹದ ರಾತ್ರಿ’ ಎಂಬ ಸಾಲನ್ನು ಆ ದರಪಟ್ಟಿಯಲ್ಲಿ ಹುಡುಕಬೇಡಿ. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಲಕ್ಷಾಂತರ ಜನ ಬರುತ್ತಾರೆ. ‘ಸಾವಿರಕ್ಕೊಬ್ಬ ಆಶಾ’ ಎಂಬ ಲೆಕ್ಕ ಊರಿನವರದ್ದು, ಜಾತ್ರೆಯವರದ್ದಲ್ಲ.

10 ಸಾವಿರದ ಮಾತು ಅರ್ಧ ಸತ್ಯ

ರಾಜ್ಯದಲ್ಲಿ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರಿದ್ದಾರೆ. ಒಬ್ಬೊಬ್ಬರೂ ಒಂದೊಂದು ಹಳ್ಳಿಯಲ್ಲಿ, ಒಬ್ಬರ ಮುಖ ಒಬ್ಬರು ತಿಂಗಳ ಸಭೆಯಲ್ಲಿ ನೋಡುವವರು. ಅವರು ಒಂದಾಗಿದ್ದೇ ದೊಡ್ಡ ಕೆಲಸ. ಎಐಯುಟಿಯುಸಿಗೆ ಸೇರಿದ ಕರ್ನಾಟಕ ರಾಜ್ಯ ಸಂಯುಕ್ತ ಆಶಾ ಕಾರ್ಯಕರ್ತೆಯರ ಸಂಘ ಈ ಹೋರಾಟದ ಮುಂದಿದೆ. 2020ರ ಜನವರಿ ಆರಂಭದಲ್ಲಿ ಬೆಂಗಳೂರಿನಲ್ಲಿ ಸಾವಿರಾರು ಜನ ಸೇರಿ 12,000 ರೂಪಾಯಿ ನಿಗದಿತ ಗೌರವಧನ ಕೇಳಿದರು. ಎರಡೇ ತಿಂಗಳಲ್ಲಿ ಕೊರೊನಾ ಬಂತು. ಮನೆಮನೆ ಸಮೀಕ್ಷೆಗೆ, ಊರಿಗೆ ಬಂದವರ ಕ್ವಾರಂಟೈನ್ ನೋಡುವುದಕ್ಕೆ ಇವರೇ ಬೇಕಾದರು. ಅದೇ ಜುಲೈ 10ರಿಂದ ಮತ್ತೆ ಮುಷ್ಕರ ಶುರುವಾದಾಗ ಬೇಡಿಕೆ ಪಟ್ಟಿಯಲ್ಲಿ ಹಣದ ಜೊತೆ ಮಾಸ್ಕ್, ಸ್ಯಾನಿಟೈಸರ್, ಸುರಕ್ಷಾ ಸಾಮಗ್ರಿಗಳೂ ಇದ್ದವು. (ಹಳೆಯ ವಿಡಿಯೊ ಗುರುತಿಸಲು ಒಂದು ಉಪಾಯ: ಮುಖಕ್ಕೆ ಮಾಸ್ಕ್ ಇದ್ದರೆ ಅದು ಈ ವರ್ಷದ್ದಾಗಿರುವ ಸಾಧ್ಯತೆ ಕಡಿಮೆ.)

ಹಣದ ಬೇಡಿಕೆಯಷ್ಟೇ ಮುಖ್ಯವಾದದ್ದು ಆರ್‌ಸಿಎಚ್ ಪೋರ್ಟಲ್‌ನದ್ದು. ಆಶಾ ಕಾರ್ಯಕರ್ತೆ ಕೆಲಸ ಮಾಡುತ್ತಾಳೆ. ಅದನ್ನು ಕಂಪ್ಯೂಟರಿಗೆ ಏರಿಸುವುದು ಬೇರೆಯವರು. ಪೋರ್ಟಲ್‌ಗೆ ಏರದಿದ್ದರೆ ಆ ಕೆಲಸಕ್ಕೆ ಹಣವಿಲ್ಲ. ಸರ್ವರ್ ಕೈಕೊಟ್ಟರೂ ನಷ್ಟ ಅವಳದ್ದೇ. ಪೋರ್ಟಲಿನ ಕೊಂಡಿ ತಪ್ಪಿಸಿ ಎಂದು ಸಂಘ ವರ್ಷಗಟ್ಟಲೆ ಕೇಳುತ್ತಿದೆ. ಇದನ್ನು ‘ತಂತ್ರಜ್ಞಾನಕ್ಕೆ ವಿರೋಧ’ ಎಂದು ಬರೆಯುವವರಿದ್ದಾರೆ. ಹೊಲದಲ್ಲಿ ಕಳೆ ತೆಗೆದವಳಿಗೆ ‘ನಿನ್ನ ಹೆಸರು ಬರೆದವನ ಪೆನ್ನಿನಲ್ಲಿ ಶಾಯಿ ಇರಲಿಲ್ಲ, ಕೂಲಿ ಇಲ್ಲ’ ಎಂದರೆ ಹೇಗಿರುತ್ತದೆ ಯೋಚಿಸಿ.

2025ರ ಜನವರಿ 7ರಿಂದ 10ರವರೆಗೆ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಧರಣಿ ನಡೆಯಿತು. ಬೇಡಿಕೆ 15,000. ಕೊನೆಯ ದಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಸಂಘದವರೊಂದಿಗೆ ಮಾತಾಡಿ ಏಪ್ರಿಲ್‌ನಿಂದ ತಿಂಗಳಿಗೆ ಕನಿಷ್ಠ 10,000 ಖಾತರಿ ಎಂದರು. ‘10 ಸಾವಿರ ಕೊಟ್ಟರೂ’ ಎಂಬ ಫಾರ್ವರ್ಡ್ ಹುಟ್ಟಿದ್ದು ಇಲ್ಲಿಂದ.

ಆದರೆ ಆ ಭರವಸೆಯೊಳಗೆ ‘ಪ್ರೋತ್ಸಾಹಧನವೂ ಸೇರಿ’ ಎಂಬ ಮಾತಿತ್ತು. ಮೇಲಿನ ಲೆಕ್ಕಕ್ಕೆ ಹಿಂತಿರುಗಿ. ರಾಜ್ಯದ 5,000, ಕೇಂದ್ರದ 2,000, ಬಿಡಿ ಹಣ 1,700 ಎಂದರೆ 8,700. ಹತ್ತು ಸಾವಿರ ಮುಟ್ಟಿಸಲು ರಾಜ್ಯ ಸೇರಿಸಬೇಕಾದದ್ದು 1,300 ಮಾತ್ರ. ಅದೇ ವರ್ಷ ಮಾರ್ಚ್‌ನಲ್ಲಿ ಕೇಂದ್ರದ 2,000ವನ್ನು 3,500ಕ್ಕೆ ಏರಿಸುವ ತೀರ್ಮಾನವಾಯಿತು. ಈಗ ಕೂಡಿಸಿ: 5,000, 3,500, 1,700. ಒಟ್ಟು 10,200! ‘ಸೇರಿ’ ಎಂಬ ಪದ ಹಾಗೇ ಉಳಿದರೆ, ಇಷ್ಟು ದುಡಿದವಳಿಗೆ ರಾಜ್ಯ ಹೊಸದಾಗಿ ಒಂದು ರೂಪಾಯಿಯನ್ನೂ ಹಾಕದೆ ಹತ್ತು ಸಾವಿರದ ಮಾತು ಈಡೇರಿದಂತಾಗುತ್ತದೆ. ಇದು ನಮ್ಮ ಸರಳ ಲೆಕ್ಕ, ಊರಿಂದ ಊರಿಗೆ ವ್ಯತ್ಯಾಸ ಇದ್ದೇ ಇರುತ್ತದೆ. ಆದರೂ 2025ರ ಆಗಸ್ಟ್‌ನಲ್ಲಿ ‘ಕೊಟ್ಟ ಮಾತು ಆದೇಶವಾಗಲಿಲ್ಲ’ ಎಂದು ಅವರು ಜಿಲ್ಲೆಜಿಲ್ಲೆಗಳಲ್ಲಿ ಮತ್ತೆ ಯಾಕೆ ಕೂತರು ಎಂಬುದು ಇದರಿಂದ ಗೊತ್ತಾಗುತ್ತದೆ.

ಲಸಿಕೆ ನಿಂತರೆ ಮೊದಲಿನಿಂದ ಹಾಕಿಸಬೇಕೇ?

ಬೇಡ. ಇದು ಶುದ್ಧ ಸುಳ್ಳು, ಮತ್ತು ಅಪಾಯಕಾರಿ ಸುಳ್ಳು. ಹೆದರಿದ ತಾಯಿ ‘ಇನ್ನೇನು ಪ್ರಯೋಜನ’ ಎಂದು ಲಸಿಕೆಯನ್ನೇ ಬಿಟ್ಟುಬಿಡಬಹುದು.

ಲಸಿಕೆ ಚುಚ್ಚುವುದು ಆಶಾ ಅಲ್ಲ, ಎಎನ್‌ಎಂ ಸಿಸ್ಟರ್. ಆಶಾ ಮಾಡುವುದು ಪಟ್ಟಿ ಹಿಡಿದು ಮನೆಗೆ ಬಂದು ನೆನಪಿಸುವ, ಕರೆದೊಯ್ಯುವ ಕೆಲಸ. ಹಾಗಾಗಿ ಮುಷ್ಕರದ ದಿನಗಳಲ್ಲೂ ಉಪಕೇಂದ್ರಕ್ಕೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಯಿ ಕಾರ್ಡ್ ಹಿಡಿದು ನೀವೇ ಹೋಗಬಹುದು. ಕೂಸಿಗೆ 6, 10, 14 ವಾರಕ್ಕೆ ಕೊಡುವ ಪೆಂಟಾವೇಲೆಂಟ್‌ನ ಒಂದು ಡೋಸ್ ತಡವಾದರೆ, ನಿಂತಲ್ಲಿಂದಲೇ ಮುಂದುವರಿಸುತ್ತಾರೆ, ಹಾಕಿದ್ದು ವ್ಯರ್ಥವಾಗುವುದಿಲ್ಲ. ದಡಾರ-ರುಬೆಲ್ಲಾ ಲಸಿಕೆ ಒಂಬತ್ತು ತಿಂಗಳಿಗೆ ತಪ್ಪಿದರೂ ಐದು ವರ್ಷದವರೆಗೆ ಕೊಡಿಸಲು ಅವಕಾಶವಿದೆ. ಹಾಗೆಂದು ತಡ ಮಾಡಿ ಎಂದಲ್ಲ. ತಡವಾದಷ್ಟು ದಿನ ಕೂಸಿಗೆ ರಕ್ಷಣೆ ಇರುವುದಿಲ್ಲ.

ಮುಷ್ಕರದಿಂದ ಏನೂ ತೊಂದರೆಯೇ ಇಲ್ಲ ಎಂದು ಹೇಳಿದರೆ ಅದೂ ಸುಳ್ಳೇ. ಮನೆಭೇಟಿ ನಿಲ್ಲುತ್ತದೆ. ಹಾಲು ಕುಡಿಯದೆ ಮಂಕಾದ ಏಳು ದಿನದ ಕೂಸನ್ನು ಗುರುತಿಸುವ ಕಣ್ಣು ಆ ವಾರ ಬರುವುದಿಲ್ಲ. ಕೂಸು ಹಾಲು ಬಿಟ್ಟರೆ, ಮೈ ತಣ್ಣಗಾದರೆ ಅಥವಾ ಕಾದರೆ, ಉಸಿರು ಜೋರಾದರೆ ಯಾರ ದಾರಿಯನ್ನೂ ಕಾಯದೆ ದವಾಖಾನೆಗೆ ಹೋಗಿ, 108ಕ್ಕೆ ಫೋನ್ ಮಾಡಿ.

ಡಾಕ್ಟರರೂ ಬೆಳಗಾವಿಗೆ ಬಂದಿದ್ದರು

ಆರೋಗ್ಯ ಕ್ಷೇತ್ರದವರು ಸಂಘಟಿತರಾದರೆಂದರೆ ಅದು ಯಾವಾಗಲೂ ಒಂದೇ ದಿಕ್ಕಿನ ಸುಧಾರಣೆಗೆ ಎಂದು ತಿಳಿಯಬೇಡಿ. ಇದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ. 2017ರ ನವೆಂಬರ್ 13ರಂದು ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಶುರುವಾದಾಗ ರಾಜ್ಯದೆಲ್ಲೆಡೆಯಿಂದ ಸಾವಿರಾರು ಖಾಸಗಿ ವೈದ್ಯರು ಬೆಳಗಾವಿಗೆ ಬಂದಿದ್ದರು. ಆಗಿನ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ತಂದ ಖಾಸಗಿ ವೈದ್ಯಕೀಯ ಸಂಸ್ಥೆಗಳ ತಿದ್ದುಪಡಿ ಮಸೂದೆಗೆ ಅವರ ವಿರೋಧ. ದರ ನಿಗದಿ, ಹೆಚ್ಚು ಹಣ ಪಡೆದರೆ ಜೈಲು ಎಂಬ ಅಂಶಗಳು ಅದರಲ್ಲಿದ್ದವು. ಖಾಸಗಿ ಆಸ್ಪತ್ರೆಗಳ ಹೊರರೋಗಿ ವಿಭಾಗಗಳು ಕೆಲ ದಿನ ಮುಚ್ಚಿದವು. ಕೊನೆಗೆ ಅದೇ ಅಧಿವೇಶನದಲ್ಲಿ ಮಸೂದೆ ಪಾಸಾಯಿತು, ಹಲ್ಲು ಸಾಕಷ್ಟು ಕಿತ್ತ ಮೇಲೆ.

ಉಳಿದ ಹಲ್ಲುಗಳಲ್ಲಿ ಒಂದು ಈಗಲೂ ನಿಮಗೆ ಉಪಯೋಗಕ್ಕೆ ಬರುತ್ತದೆ. ರೋಗಿ ತೀರಿಕೊಂಡರೆ ಬಿಲ್ ಬಾಕಿ ಇದೆ ಎಂದು ಖಾಸಗಿ ಆಸ್ಪತ್ರೆ ಶವವನ್ನು ಕೊಡದೆ ಇಟ್ಟುಕೊಳ್ಳುವಂತಿಲ್ಲ. ಬಾಕಿಯನ್ನು ಆಮೇಲೆ ವಸೂಲಿ ಮಾಡಿಕೊಳ್ಳಬೇಕು. ದೂರಿಗೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರವಿದೆ. ಫಾರ್ವರ್ಡ್ ಮಾಡಲೇಬೇಕೆಂದರೆ ಈ ಸಾಲನ್ನು ಮಾಡಿ.

ಇದರಲ್ಲಿ ನಮಗೇನು?

2004–06ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 213 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಅದು 69. ಆಸ್ಪತ್ರೆ ಹೆರಿಗೆ 2005–06ರಲ್ಲಿ ಶೇ 65ರ ಆಸುಪಾಸು ಇದ್ದದ್ದು 2019–20ರ ಸಮೀಕ್ಷೆಯಲ್ಲಿ ಶೇ 97. ಇದೆಲ್ಲ ಆಶಾ ಒಬ್ಬಳಿಂದಲೇ ಆಯಿತು ಎನ್ನುವುದು ಅತಿಯಾಗುತ್ತದೆ. 108 ಆಂಬುಲೆನ್ಸ್ ಬಂತು, ರಸ್ತೆಗಳಾದವು, ಹೆಣ್ಣುಮಕ್ಕಳು ಹೆಚ್ಚು ಓದಿದರು, ಮದುವೆಯ ವಯಸ್ಸು ಏರಿತು. ಆದರೆ ಆಂಬುಲೆನ್ಸಿಗೆ ಫೋನ್ ಮಾಡುವವರು, ‘ಈ ಸಲ ಮನೆಯಲ್ಲೇ ಆಗಲಿ’ ಎನ್ನುವ ಅತ್ತೆಯನ್ನು ಒಪ್ಪಿಸುವವರು ಯಾರೋ ಬೇಕಲ್ಲ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಕೊಟ್ಟಿದ್ದು ಇದಕ್ಕೇ. ಆ ಫೋಟೊ ಆಗ ಎಲ್ಲ ಗುಂಪುಗಳಲ್ಲಿ ಓಡಾಡಿತು. ಪ್ರಶಸ್ತಿಯಿಂದ ಅಕ್ಕಿ ಬರುವುದಿಲ್ಲ ಎಂಬುದು ಬೇರೆ ಮಾತು.

‘ಹಳ್ಳಿ ಕಾರ್ಯಕರ್ತೆಗೆ ಸಂಬಳ ಕೊಟ್ಟರೆ ಸರ್ಕಾರ ದಿವಾಳಿ’ ಎಂಬ ವಾದಕ್ಕೆ ಹೊರಗಿನ ಉದಾಹರಣೆಗಳಿವೆ. ಬ್ರೆಜಿಲ್ 2022ರಲ್ಲಿ ಸಂವಿಧಾನವನ್ನೇ ತಿದ್ದಿ ತನ್ನ ಸಮುದಾಯ ಆರೋಗ್ಯ ಕಾರ್ಯಕರ್ತರಿಗೆ ದೇಶದ ಕನಿಷ್ಠ ವೇತನದ ಎರಡು ಪಟ್ಟು ಕಡ್ಡಾಯ ಮಾಡಿತು. ಪಾಕಿಸ್ತಾನದ ಲೇಡಿ ಹೆಲ್ತ್ ವರ್ಕರ್‌ಗಳು ವರ್ಷಗಟ್ಟಲೆ ಬೀದಿಯಲ್ಲೂ ಕೋರ್ಟಿನಲ್ಲೂ ಹೋರಾಡಿ 2012ರಲ್ಲಿ ಕಾಯಂ ಆಗುವ ಆದೇಶ ಪಡೆದರು. ಹತ್ತಿರದ ಕೇರಳದಲ್ಲಿ 2025ರ ಫೆಬ್ರುವರಿ 10ರಂದು ಸೆಕ್ರೆಟರಿಯೇಟ್ ಮುಂದೆ ಶುರುವಾದ ಆಶಾಗಳ ಧರಣಿ ಎಂಟು ತಿಂಗಳು ದಾಟಿತು. ಅದರ ನಡುವೆ ಮೇ 5ರಂದು ಹಗಲು-ರಾತ್ರಿ ಜಾಥಾ ಹೊರಟದ್ದು ನಮ್ಮ ಕನ್ನಡದವರಿರುವ ಕಾಸರಗೋಡಿನಿಂದ.

ರಾಮದುರ್ಗದಿಂದ ಬೆಳಗಾವಿ ನೂರು ಕಿಲೋಮೀಟರಿನ ಆಸುಪಾಸು. ಚಳಿಗಾಲದ ಅಧಿವೇಶನದ ದಿನ ಬೆಳಗಿನ ಜಾವದ ಬಸ್ಸಿಗೆ ಬುತ್ತಿ ಕಟ್ಟಿಕೊಂಡು ಹೊರಡುವವರಿಗೆ ಆ ದಿನದ ಹಣವೂ ಹೋಗುತ್ತದೆ, ಟಿಕೆಟ್ಟೂ ಅವರದ್ದೇ.

ನಿಮ್ಮ ಊರಿನ ಸ್ಥಿತಿ ತಿಳಿಯಬೇಕೆಂದರೆ ವಾಟ್ಸ್‌ಆ್ಯಪ್ ಬೇಡ. ಪ್ರತಿ ಊರಿಗೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ ಇದೆ, ಅದಕ್ಕೆ ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತ ನಿಧಿಯೂ ಇದೆ. ಸಭೆ ಕರೆಯುವ ಹೊಣೆ ಆಶಾ ಕಾರ್ಯಕರ್ತೆಯದ್ದು, ಅದಕ್ಕೆ ಅವರಿಗೆ 150 ರೂಪಾಯಿ ಎಂದು ಮೇಲೆ ನೋಡಿದೆವು. ಮುಂದಿನ ಸಭೆ ಯಾವಾಗ ಎಂದು ಅವರನ್ನೇ ಕೇಳಿ. ಹೋಗಿ ಕೂತು, ಕಳೆದ ವರ್ಷದ ನಿಧಿ ಬಂತೇ, ಉಪಕೇಂದ್ರದಲ್ಲಿ ಬಿಪಿ ಮಾತ್ರೆ ಇದೆಯೇ, ಆಶಾ ಅಕ್ಕನಿಗೆ ಎಷ್ಟು ತಿಂಗಳ ಹಣ ಬಾಕಿ ಎಂದು ವಿಚಾರಿಸಿ.